ಅವ್ವನ ಮೊದಲ ಪರದೇಶ

ದಾವಣಗೆರೆಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಐದು ತಾಸು. ಅಲ್ಲಿಂದ ಶ್ರೀಲಂಕಾಕ್ಕೆ ವಿಮಾನದಲ್ಲಿ ಒಂದೂವರೆ ತಾಸು. ‘ಪರದೇಶ ಇಷ್ಟು ಹತ್ರ ಐತಾ?’ ಅಂತ ಅವ್ವನಿಗೆ ಸ್ವಲ್ಪ ಬೇಜಾರೇ ಆಯಿತು. ಗಡಿಯಾರದ ಮುಳ್ಳು ತಿರುಗಿಸುವ ಕೆಲಸವೂ ಇಲ್ಲ, ಅಲ್ಲೂ ನಮ್ಮದೇ ಟೈಮು.

ಕಟುನಾಯಕೆ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಠಸ್ಸೆ ಬಿದ್ದು ಈಚೆ ಬಂದರೆ ಸಾಲಾಗಿ ಫ್ರಿಜ್, ವಾಷಿಂಗ್ ಮೆಷಿನ್ ಅಂಗಡಿಗಳು! ಹೊರದೇಶದಲ್ಲಿ ದುಡಿದು ಬರುವವರು ಸುಂಕವಿಲ್ಲದೆ ಕೊಳ್ಳುತ್ತಾರಂತೆ. ಅವ್ವ ಒಂದೊಂದರ ಬಾಗಿಲು ತೆಗೆದು ನೋಡತೊಡಗಿದಳು. ಕೈ ಹಿಡಿದು ಎಳೆದುಕೊಂಡು ಬಂದೆ.

ಹೊರಗೆ ಕಾಲಿಟ್ಟೆವು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುವ ಹಬೆ ಇರುತ್ತದಲ್ಲ, ಅಂಥ ಗಾಳಿ. ‘ನಮ್ಮೂರ ಬಿಸ್ಲು ಸುಡ್ತೈತಿ, ಇದು ಬೇಯಿಸ್ತೈತಲ್ಲೋ’ ಅಂದಳು.

ನೆಗೊಂಬೊಗೆ ಆಟೊ ಹಿಡಿದೆವು. ಆಟೊ ನಮ್ಮ ಬಜಾಜೇ. ಅಂಗಡಿ ಬೋರ್ಡುಗಳ ಮೇಲೆ ಗುಂಡು ಗುಂಡು ಸಿಂಹಳ ಅಕ್ಷರ. ದೂರದಿಂದ ಕನ್ನಡವೇ ಅನ್ನಿಸುತ್ತದೆ, ಓದಲು ಹೋದರೆ ಒಂದೂ ಸಿಗುವುದಿಲ್ಲ. ನನಗಂತೂ ಮಜಾ. ಎಷ್ಟೋ ವರ್ಷದ ಮೇಲೆ ಅಕ್ಷರ ಬಾರದವನಾಗಿದ್ದೆ. ಕಡಲು ಹತ್ತಿರವಾದಂತೆ ಉಪ್ಪಿನ ವಾಸನೆ, ಅದರ ಬೆನ್ನಿಗೇ ಒಣಮೀನು. ಅವ್ವ ಸೆರಗು ಮೂಗಿಗೆ ಇಟ್ಟವಳು ಇಳಿಯುವವರೆಗೂ ತೆಗೆಯಲಿಲ್ಲ.

ಉಳಿದುಕೊಂಡ ಮನೆಯ ಯಜಮಾನಿ ಕೈ ಮುಗಿದು ‘ಆಯುಬೋವನ್’ ಅಂದರು. ‘ಆಯಸ್ಸು ಅಂದ್ರಲ್ವಾ?’ ಅಂತ ಅವ್ವ ನನ್ನ ಕಡೆ ತಿರುಗಿದಳು. ನಾನು ಓದಿಕೊಂಡು ಬಂದಿದ್ದ ಅರ್ಥವೂ ಅದೇ, ದೀರ್ಘಾಯುಷ್ಯ ಇರಲಿ ಅಂತ.

ಬೆಳಗ್ಗೆ ಬೀದಿಯಲ್ಲಿ ಟಿಣ್ ಟಿಣ್ ಸಂಗೀತ. ನಾನಿನ್ನೂ ಹಾಸಿಗೆಯಲ್ಲಿದ್ದೆ. ‘ಏಳೋ, ಕಸದ ಗಾಡಿ ಬಂತು, ಬಕೆಟ್ ಎಲ್ಲೈತಿ?’ ಅವ್ವ ಆಗಲೇ ಚಪ್ಪಲಿ ಮೆಟ್ಟಿದ್ದಳು. ಓಡಿ ಹೋಗಿ ನೋಡಿದರೆ ಬ್ರೆಡ್ ಮಾರುವ ಆಟೊ. ಅದು ನುಡಿಸುತ್ತಿದ್ದದ್ದು ಬೀಥೋವನ್! ಆ ಊರಲ್ಲಿ ಅದನ್ನು ಕೇಳಿದರೆ ಬ್ರೆಡ್ ಬಂತು ಅಂತಲೇ ಲೆಕ್ಕ. ಹಿಂದಿನ ಗಾಜಿನ ಪೆಟ್ಟಿಗೆ ತೆಗೆದ ಕೂಡಲೇ ಬಿಸಿ ಬನ್ನಿನ ಘಮ. ಮೇಲೆ ಸಕ್ಕರೆ ಉದುರಿಸಿದ ಉದ್ದನೆಯ ಬನ್ನು, ಹೆಸರು ಕಿಂಬುಲ ಬನಿಸ್. ಕಿಂಬುಲ ಅಂದರೆ ಮೊಸಳೆ. ಅದನ್ನು ಅವ್ವನಿಗೆ ಹೇಳಲಿಲ್ಲ. ಮೆಟ್ಟಿಲ ಮೇಲೆ ಕೂತು ಹಾಲಿಲ್ಲದ ಟೀಗೆ ಅದ್ದಿ ಅದ್ದಿ ಎರಡು ತಿಂದಳು.