ಕಣದ ಬದಿಯಲ್ಲಿ ವಿಯೆಟ್ನಾಂ

ತಂಗಿಯ ಮಗಳು ಕೊಡಗಿನ ಸುಂಟಿಕೊಪ್ಪಕ್ಕೆ ಬಂದಿದ್ದಾಳೆ. ಬೆಂಗಳೂರಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ, ವಿಷಯ ವಿಯೆಟ್ನಾಂ. ಬೆಳಿಗ್ಗೆ ನಾನು ಕಣದಲ್ಲಿ ರೋಬಸ್ಟಾ ಕಾಫಿ ಹರವುತ್ತಿದ್ದೆ. ಅವಳು ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು. "ಅಷ್ಟು ದೂರದ ದೇಶ ನಿನಗ್ಯಾಕಮ್ಮ?" ಅಂತ ಸುಮ್ನೆ ಕೇಳಿದೆ.

"ನಿಮ್ಮ ಕಾಫಿ ರೇಟಿಗೂ ಅದಕ್ಕೂ ಸಂಬಂಧ ಇದೆ ಮಾವ" ಅಂದಳು.

1986ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಪಕ್ಷ 'ದೊಯ್ ಮೊಯ್' ಅಂತ ಆರ್ಥಿಕ ಸುಧಾರಣೆ ತಂದಿತು. ಕುರ್ಚಿ ಪಕ್ಷದ ಕೈಯಲ್ಲೇ ಉಳಿಯಿತು, ಮಾರುಕಟ್ಟೆ ಮಾತ್ರ ತೆರೆಯಿತು. ಬಯಲಿನ ಜನ ದಾಕ್ ಲಾಕ್ ಕಡೆಯ ಗುಡ್ಡಗಳಿಗೆ ವಲಸೆ ಬಂದು, ಕಾಡು ಕಡಿದು ಕಾಫಿ ಹಾಕಿದರು. ಅಲ್ಲಿನ ಮೂಲ ಬುಡಕಟ್ಟಿನವರು ತಮ್ಮ ನೆಲದಲ್ಲೇ ಅಲ್ಪಸಂಖ್ಯಾತರಾದರು. ಇವತ್ತು ಬ್ರೆಜಿಲ್ ಬಿಟ್ಟರೆ ಅತಿ ಹೆಚ್ಚು ಕಾಫಿ ಬೆಳೆಯುವುದು ವಿಯೆಟ್ನಾಂ. ರೋಬಸ್ಟಾದಲ್ಲಂತೂ ಅವರೇ ಮೊದಲು.

ಅವರ ಕಾಫಿಯೂ ಮಾರುಕಟ್ಟೆಗೆ ಸುರಿದು 2001ರ ಸುಮಾರಿಗೆ ರೇಟು ನೆಲ ಕಚ್ಚಿತ್ತಲ್ವಾ? ಆಗ ನಾನು ಬೈದದ್ದು ವ್ಯಾಪಾರಿಯನ್ನು. ದೆಹಲಿಯವರನ್ನೂ ಬೈದಿರಬೇಕು, ಅಭ್ಯಾಸ. ದಾಕ್ ಲಾಕ್ ಅನ್ನೋ ಹೆಸರೇ ಗೊತ್ತಿರಲಿಲ್ಲ. ಅಲ್ಲಿನ ರೈತರೂ ಆಗ ಸಾಲದಲ್ಲಿ ಮುಳುಗಿ ಗಿಡ ಕಿತ್ತರಂತೆ.

ಅಷ್ಟರಲ್ಲಿ ಅವಳು ತಲೆ ಎತ್ತಿ, "ಇಲ್ಲಿ ಕಾಡು ಕಡಿದು ತೋಟ ಮಾಡಿದಾಗ ಕಾಡಲ್ಲಿದ್ದ ಯರವರು, ಜೇನುಕುರುಬರು ಎಲ್ಲಿ ಹೋದರು ಮಾವ?" ಅಂದಳು.

ಎಲ್ಲೂ ಹೋಗಿಲ್ಲ. ತುಂಬಾ ಜನ ಇಲ್ಲೇ ತೋಟಗಳ ಲೈನ್‌ಮನೆಗಳಲ್ಲಿದ್ದಾರೆ. ಬಾಯಿಬಿಟ್ಟು ಹೇಳಲಿಲ್ಲ. ಮೋಡ ಕಟ್ಟುತ್ತಿತ್ತು, ಟಾರ್ಪಾಲು ತರಲು ಎದ್ದೆ.