ಮಸ್ಕ್‌ಗೆ ಹೊಗಳಿಕೆಯೋ ತೆಗಳಿಕೆಯೋ: ಒಂದು ಸಾಲಿಗೆ ಒಂದೇ ಮಾತು

ಕಂಪನಿಗಳನ್ನು ಅಳೆದು ತೂಗುವ ನಮ್ಮ ಕೆಲಸದಲ್ಲಿ ಇಲಾನ್ ಮಸ್ಕ್ ಹೆಸರು ಬಂದರೆ ಚರ್ಚೆ ಬೇಗ ಹಳಿ ತಪ್ಪುತ್ತದೆ. ಒಬ್ಬರಿಗೆ ಆತ ಯುಗಪುರುಷ, ಇನ್ನೊಬ್ಬರಿಗೆ ಬರೀ ಬೊಗಳೆ. ಅಂಕ ಕೊಡಬೇಕಾದ್ದು ಮನುಷ್ಯನಿಗಲ್ಲ, ಆತ ಆಡಿದ ಒಂದೊಂದು ಮಾತಿಗೆ. ಶೀಟಿನಲ್ಲಿ ನಾಲ್ಕು ಕಾಲಂ ಸಾಕು: ಏನು ಹೇಳಿದರು, ಯಾವಾಗ ಎಂದರು, ಗ್ರಾಹಕರ ಕೈಗೆ ಏನು ಬಂತು, ಕೈಕೊಟ್ಟರೆ ನಷ್ಟ ಯಾರಿಗೆ.

ತೀರ್ಪು ನಿಲ್ಲುವುದು ಕೊನೆಯ ಕಾಲಂ ಮೇಲೆ. ಸ್ಪೇಸ್‌ಎಕ್ಸ್‌ನ ಫಾಲ್ಕನ್ 1 ರಾಕೆಟ್ 2006, 2007 ಮತ್ತು 2008ರ ಆಗಸ್ಟ್‌ನಲ್ಲಿ ಸತತ ಮೂರು ಸಲ ಸೋತಿತು. ಮೂರನೆಯ ಸಲ, ಹೊಸ ಎಂಜಿನ್ ಆರಿಸಿದ ಮೇಲೂ ಕೊಂಚ ನೂಕುಬಲ ಉಳಿದು, ಕಳಚಿಕೊಂಡ ಮೊದಲ ಹಂತ ಮೇಲಿನ ಹಂತಕ್ಕೆ ಬಡಿಯಿತು. ಎಂಜಿನ್ ಒಳಗೆ ಉಳಿದ ಒತ್ತಡ ನೆಲಮಟ್ಟದ ಗಾಳಿಯ ಒತ್ತಡಕ್ಕಿಂತ ಕಡಿಮೆ ಇದ್ದುದರಿಂದ ಕೆಳಗಿನ ಪರೀಕ್ಷೆಯಲ್ಲಿ ಸಿಕ್ಕಿಬೀಳಲಿಲ್ಲ. ಮೇಲೆ ಗಾಳಿಯೇ ಇಲ್ಲದಲ್ಲಿ ಅಷ್ಟೇ ಸಾಕಾಯಿತು. ಎಂಜಿನ್ ಆರಿಸುವುದಕ್ಕೂ ಹಂತ ಕಳಚುವುದಕ್ಕೂ ನಡುವಿನ ಬಿಡುವು ಹೆಚ್ಚಿಸಿದರು, ಸೆಪ್ಟೆಂಬರ್ 28ಕ್ಕೆ ರಾಕೆಟ್ ಕಕ್ಷೆ ಸೇರಿತು. ಒಳಗೆ ಜನರಿರಲಿಲ್ಲ, ನಷ್ಟವಾದದ್ದು ಕಂಪನಿಗೆ, ಅಪಾಯ ತಿಳಿದೇ ಉಪಗ್ರಹ ಕೊಟ್ಟವರಿಗೆ. ಒಡೆದು ಕಲಿಯುವ ಈ ದಾರಿಯೇ 2015ರ ಡಿಸೆಂಬರ್‌ನಲ್ಲಿ ರಾಕೆಟ್‌ನ ಮೊದಲ ಹಂತವನ್ನು ನೆಲಕ್ಕಿಳಿಸಿತು. ಇದನ್ನು ಮನಸಾರೆ ಹೊಗಳಬೇಕು.

ಅದೇ ದಾರಿ ರಸ್ತೆಗೆ ಬಂದರೆ ಲೆಕ್ಕ ಬೇರೆ. ತಯಾರಾಗುವ ಎಲ್ಲ ಕಾರುಗಳಲ್ಲೂ ಪೂರ್ತಿ ಸ್ವಯಂಚಾಲನೆಗೆ ಬೇಕಾದ ಯಂತ್ರಾಂಶ ಇದೆ ಎಂದು ಟೆಸ್ಲಾ 2016ರ ಅಕ್ಟೋಬರ್‌ನಲ್ಲಿ ಹೇಳಿತು. ಮರುವರ್ಷದ ಕೊನೆಗೆ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್‌ಗೆ ಕಾರು ತಾನಾಗಿಯೇ ಹೋಗುತ್ತದೆ ಎಂಬ ಮಾತೂ ಬಂತು. ಆ ಪಯಣ ನಡೆಯಲಿಲ್ಲ. ಆ ಕಾರುಗಳ ಕಂಪ್ಯೂಟರನ್ನೇ ಬದಲಿಸಬೇಕಾಯಿತು. 2023ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸುಮಾರು 20 ಲಕ್ಷ ಕಾರುಗಳಿಗೆ, ಚಾಲಕರಿಗೆ ನೆರವಾಗುವ ಆಟೋಪೈಲಟ್ ಸಾಫ್ಟ್‌ವೇರ್‌ನ ದೋಷ ಸರಿಪಡಿಸಲು, ರೀಕಾಲ್ ಆಯಿತು. ಇಲ್ಲಿ ನಷ್ಟ ಯಾರಿಗೆ? ಸ್ವಯಂಚಾಲನೆ ಬರುತ್ತದೆಂದು ನಂಬಿ ಮುಂಗಡ ದುಡ್ಡು ಕೊಟ್ಟವರಿಗೆ, ಜೊತೆಗೆ ಯಾರೂ ಒಪ್ಪಿಗೆ ಕೇಳದ ದಾರಿಹೋಕರಿಗೆ. ರಾಕೆಟ್ ಇಳಿಸಿದ ಕೀರ್ತಿಯಿಂದ ಈ ಸಾಲು ಅಳಿಸಿಹೋಗುವುದಿಲ್ಲ.

'ಎಲ್ಲ ಸರ್ಕಾರದ ದುಡ್ಡು' ಎಂಬ ಟೀಕೆಯನ್ನು ಹಾಗೇ ಬರೆದುಕೊಳ್ಳಬೇಡಿ, ಬಿಡಿಸಿ ನೋಡಿ. ನಾಸಾ 2008ರ ಡಿಸೆಂಬರ್‌ನಲ್ಲಿ ಸ್ಪೇಸ್‌ಎಕ್ಸ್‌ಗೆ 12 ಹಾರಾಟಕ್ಕೆ ಕೊಟ್ಟ 160 ಕೋಟಿ ಡಾಲರ್ ಗುತ್ತಿಗೆ, ಅಂದರೆ ಸರಕು ಸಾಗಿಸಿದ್ದಕ್ಕೆ ಕೂಲಿ. ಟೆಸ್ಲಾಗೆ 2010ರಲ್ಲಿ ಸರ್ಕಾರದಿಂದ ಸಿಕ್ಕ 46.5 ಕೋಟಿ ಡಾಲರ್, ಸಾಲ. 2013ರಲ್ಲೇ ಅವಧಿಗೆ ಮುನ್ನ ತೀರಿತು. ಗಟ್ಟಿ ಟೀಕೆ ಇರುವುದು ಮೂರನೆಯದರಲ್ಲಿ: 2020ರಲ್ಲಿ ಟೆಸ್ಲಾದ ನಿವ್ವಳ ಲಾಭ 72.1 ಕೋಟಿ ಡಾಲರ್, ಬೇರೆ ಕಾರು ಕಂಪನಿಗಳಿಗೆ ಮಾಲಿನ್ಯ ನಿಯಮದ ಕ್ರೆಡಿಟ್ (ಹೊಗೆಯಿಲ್ಲದ ಕಾರು ಮಾಡಿದ್ದಕ್ಕೆ ಸಿಗುವ ಅಂಕ) ಮಾರಿ ಬಂದದ್ದು 158 ಕೋಟಿ. ಆ ವರ್ಷ ಕಾರು ಮಾರಿಯೇ ಲಾಭ ಬಂತು ಎಂದು ಯಾರಾದರೂ ಹೇಳಿದರೆ ಈ ಎರಡು ಅಂಕಿ ಮುಂದಿಡಿ.

ಶ್ರೇಯಸ್ಸಿನ ವಿಷಯದಲ್ಲೂ ಎಚ್ಚರ ಬೇಕು. ಟೆಸ್ಲಾವನ್ನು 2003ರಲ್ಲಿ ಹುಟ್ಟುಹಾಕಿದವರು ಮಾರ್ಟಿನ್ ಎಬರ್‌ಹಾರ್ಡ್ ಮತ್ತು ಮಾರ್ಕ್ ಟಾರ್ಪೆನಿಂಗ್; ಮಸ್ಕ್ ಬಂಡವಾಳದೊಂದಿಗೆ ಬಂದದ್ದು 2004ರಲ್ಲಿ.

ಶೀಟ್ ಕೆಡುವುದು ಹೆಚ್ಚಾಗಿ ಎರಡನೇ ಕಾಲಮ್ಮಿನಲ್ಲಿ. ಹೊಸ ಗಡುವು ಬಂದಾಗ ಹಳೆಯದನ್ನು ಅಳಿಸಿಬಿಡುತ್ತಾರೆ. ಆಮೇಲೆ ಎಲ್ಲವೂ ಸಮಯಕ್ಕೇ ಬಂದಂತೆ ಕಾಣುತ್ತದೆ. ಟೆಸ್ಲಾದ ವಿದ್ಯುತ್ ಲಾರಿ ಸೆಮಿ ಟ್ರಕ್ ವೇದಿಕೆಗೆ ಬಂದದ್ದು 2017ರ ನವೆಂಬರ್, ಹೇಳಿದ ಗಡುವು 2019, ಮೊದಲ ಗ್ರಾಹಕರಿಗೆ ಸಿಕ್ಕಿದ್ದು 2022ರ ಡಿಸೆಂಬರ್. ಮೂರೂ ಒಂದೇ ಸಾಲಿನಲ್ಲಿ ಇರಲಿ. ಷರಾ: 'ಬಂತು, ಮೂರು ವರ್ಷ ತಡವಾಗಿ.'