ಟೀಚರ್ ದಣಿವು ಹುಟ್ಟುವುದು ಪೀರಿಯಡ್ಡಿನೊಳಗೇ

ಶಿಕ್ಷಕರ ಆರೋಗ್ಯದ ಮಾತು ಬಂದಾಗಲೆಲ್ಲ ಅದೇ ಸಲಹೆಗಳು: ಬೆಳಗ್ಗೆ ವಾಕಿಂಗ್ ಹೋಗಿ, ಧ್ಯಾನ ಮಾಡಿ, ರಜಾದಿನ ಶಾಲೆಯ ಯೋಚನೆ ಬಿಡಿ. ಯಾವುದೂ ತಪ್ಪಲ್ಲ. ಆದರೆ ಇವೆಲ್ಲ ಶಾಲೆಯ ಹೊರಗಿನ ಮದ್ದು. ದಣಿವು ಹುಟ್ಟುವುದು ಒಳಗೆ: ಗಂಟಲಲ್ಲಿ, ತಿದ್ದಬೇಕಾದ ಪುಸ್ತಕಗಳ ರಾಶಿಯಲ್ಲಿ, ಕೇಳಿದ ಪ್ರಶ್ನೆಗೆ ತಾನೇ ಉತ್ತರ ಹೇಳಿಕೊಳ್ಳುವ ಅಭ್ಯಾಸದಲ್ಲಿ. ಸ್ವಂತ ಆರೈಕೆಗೆ ಒಂದು, ವೃತ್ತಿ ಬೆಳವಣಿಗೆಗೆ ಇನ್ನೊಂದು ಎಂದು ಎರಡು ಖಾತೆ ತೆರೆಯುವುದು ನನಗಂತೂ ಸರಿ ಕಾಣುವುದಿಲ್ಲ. ಪಾಠ ಮಾಡುವ ಕೈ ಪಳಗಿದಷ್ಟೂ ಸಂಜೆ ಮೈ ಹಗುರಾಗಿರುತ್ತದೆ.

ಮೊದಲು ಗಂಟಲು. ಮಾತಾಡುವಾಗ ಧ್ವನಿತಂತುಗಳು ಒಂದಕ್ಕೊಂದು ತಾಗಿ ಕಂಪಿಸುತ್ತವೆ. ಹೆಂಗಸರಲ್ಲಿ ಸೆಕೆಂಡಿಗೆ ಸುಮಾರು 200 ಸಲ, ಗಂಡಸರಲ್ಲಿ ಸುಮಾರು 120 ಸಲ. ಒಂದು ಪೀರಿಯಡ್ಡಿನಲ್ಲಿ ಬಿಡುವು ಕಳೆದು 20 ನಿಮಿಷ ಧ್ವನಿ ಹೊರಟಿತು ಎಂದುಕೊಂಡರೂ ಶಿಕ್ಷಕಿಯೊಬ್ಬರ ತಂತುಗಳು 2 ಲಕ್ಷ 40 ಸಾವಿರ ಸಲ ತಾಗಿರುತ್ತವೆ. ಧ್ವನಿ ಏರಿಸಿದರೆ ಆ ತಾಗುವಿಕೆ ಹೊಡೆತವಾಗುತ್ತದೆ. ದಿನಕ್ಕೆ ಆರು ಪೀರಿಯಡ್ ಇರುವವರಿಗೆ ವರ್ಷದ ಕೊನೆಗೆ ಗಂಟಲು ಕಟ್ಟುವುದರಲ್ಲಿ ಆಶ್ಚರ್ಯವಿಲ್ಲ.

ಧ್ವನಿ ಏರುವುದು ಸಿಟ್ಟಿನಿಂದ ಮಾತ್ರ ಅಲ್ಲ. ಸುತ್ತ ಗದ್ದಲ ಹೆಚ್ಚಿದರೆ ಮನುಷ್ಯನ ಧ್ವನಿ ತಾನಾಗಿಯೇ ಏರುತ್ತದೆ. ಫ್ರೆಂಚ್ ವೈದ್ಯ ಏಟಿಯೆನ್ ಲೊಂಬಾರ್ ಇದನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲೇ ಗುರುತಿಸಿದ್ದರಿಂದ ಇದಕ್ಕೆ ಲೊಂಬಾರ್ಡ್ ಪರಿಣಾಮ ಎಂಬ ಹೆಸರಿದೆ. ತರಗತಿಯಲ್ಲಿ ಇದು ಎರಡೂ ಕಡೆ ನಡೆಯುತ್ತದೆ. ಮಕ್ಕಳ ಗದ್ದಲಕ್ಕೆ ನೀವು ಜೋರಾಗುತ್ತೀರಿ, ನಿಮ್ಮ ಜೋರಿಗೆ ಪಕ್ಕದವನ ಮಾತು ಕೇಳಿಸದೆ ಮಕ್ಕಳು ಇನ್ನಷ್ಟು ಜೋರಾಗುತ್ತಾರೆ. ‘ಸೈಲೆನ್ಸ್’ ಎಂದು ಕಿರುಚಿದರೆ ಆ ಗದ್ದಲಕ್ಕೆ ಇನ್ನೊಂದು ಸದ್ದು ಸೇರಿದಂತೆ, ಅಷ್ಟೇ. ಇದನ್ನು ಕತ್ತರಿಸಲು ಬಾಯಿ ಬಿಡದ ಸಂಜ್ಞೆ ಬೇಕು. ವರ್ಷದ ಮೊದಲ ವಾರದಲ್ಲೇ ಒಂದು ಜಾಗ ಗೊತ್ತು ಮಾಡಿ. ಅಲ್ಲಿ ನಿಂತು ಕೈ ಎತ್ತಿದರೆ ಎಲ್ಲರೂ ಮಾತು ನಿಲ್ಲಿಸಬೇಕು ಎಂದು ನಾಲ್ಕೈದು ಸಲ ಅಭ್ಯಾಸ ಮಾಡಿಸಿ. ಪೂರ್ತಿ ನಿಶ್ಶಬ್ದವಾಗುವ ತನಕ ಮೊದಲ ಪದ ಆಡಬೇಡಿ. ಬಹಳ ಜನ ಎಡವುವುದು ಇಲ್ಲೇ: ಮುಕ್ಕಾಲು ತರಗತಿ ಸುಮ್ಮನಾದೊಡನೆ ಪಾಠ ಶುರು ಮಾಡುತ್ತಾರೆ, ಉಳಿದ ಕಾಲು ಭಾಗಕ್ಕೆ ‘ಮಾತಾಡಿದರೂ ನಡೆಯುತ್ತದೆ’ ಎಂದು ಗೊತ್ತಾಗುತ್ತದೆ, ಎರಡು ವಾರಕ್ಕೆ ಸಂಜ್ಞೆ ಸವೆದುಹೋಗುತ್ತದೆ. ಹತ್ತು ಸೆಕೆಂಡಿಗೂ ಸದ್ದು ಅಡಗದಿದ್ದರೆ ಸದ್ದಿರುವ ಬೆಂಚಿನ ಪಕ್ಕ ಹೋಗಿ ನಿಲ್ಲಿ. ಹತ್ತಿರ ಹೋದರೆ ಇನ್ನೊಂದು ಲಾಭವೂ ಇದೆ. ಬಯಲಿನಲ್ಲಿ ದೂರ ಅರ್ಧವಾದರೆ ಕೇಳುವವರಿಗೆ ಧ್ವನಿ 6 ಡೆಸಿಬೆಲ್ ಹೆಚ್ಚು ಸಿಗುತ್ತದೆ; ಗೋಡೆಗಳು ಸದ್ದನ್ನು ಮರಳಿಸುವ ಕೋಣೆಯಲ್ಲಿ ಅದಕ್ಕಿಂತ ಕಡಿಮೆ, ಆದರೂ ಗಂಟಲಿಗೆ ಬಿಟ್ಟಿ ಸಿಕ್ಕ ಲಾಭ. ಬೋರ್ಡಿಗೆ ಮುಖ ಮಾಡಿ ಮಾತಾಡುವುದು ಇದರ ಉಲ್ಟಾ. ಬರೆಯಿರಿ, ತಿರುಗಿ, ಆಮೇಲೆ ಮಾತಾಡಿ.

ಗಂಟಲು ಕೆರೆದು ಸರಿ ಮಾಡಿಕೊಳ್ಳುವ ಚಾಳಿ ಬಿಡಬೇಕು. ಕೆರೆದಾಗ ತಂತುಗಳು ಬಲವಾಗಿ ಉಜ್ಜುತ್ತವೆ, ಕಿರಿಕಿರಿ ಹೆಚ್ಚುತ್ತದೆ, ಮತ್ತೆ ಕೆರೆಯಬೇಕೆನಿಸುತ್ತದೆ. ಬದಲಿಗೆ ಒಂದು ಗುಟುಕು ನೀರು, ಅದಿಲ್ಲದಿದ್ದರೆ ಉಗುಳು ನುಂಗಿದರೂ ಸಾಕು. ಕುಡಿದ ನೀರು ನೇರವಾಗಿ ಧ್ವನಿತಂತುಗಳ ಮೇಲೆ ಬೀಳುವುದಿಲ್ಲ, ಅನ್ನನಾಳಕ್ಕೆ ಹೋಗುತ್ತದೆ. ಮೈಯೆಲ್ಲ ಸೇರಿದ ಮೇಲೆಯೇ ತಂತುಗಳಿಗೆ ತೇವ. ಹಾಗಾಗಿ ಗಂಟಲು ಒಣಗಿದಾಗ ಒಂದೇ ಸಲ ಅರ್ಧ ಲೀಟರ್ ಕುಡಿಯುವುದಕ್ಕಿಂತ ಬೆಳಗ್ಗೆಯಿಂದ ಪ್ರತಿ ಪೀರಿಯಡ್ಡಿಗೆ ನಾಲ್ಕಾರು ಗುಟುಕು ಮೇಲು. (ಟಾಯ್ಲೆಟ್ಟಿಗೆ ಹೋಗಲು ಬಿಡುವಿಲ್ಲವೆಂದು ನೀರೇ ಕುಡಿಯದ ಶಿಕ್ಷಕರು ಬೇಕಾದಷ್ಟಿದ್ದಾರೆ. ಆ ಸಮಸ್ಯೆ ವೇಳಾಪಟ್ಟಿಯದು, ಅಲ್ಲೇ ಬಗೆಹರಿಯಬೇಕು.) ಧ್ವನಿ ಕೆಟ್ಟ ದಿನ ಪಿಸುಗುಟ್ಟಿದರೆ ಗಂಟಲಿಗೆ ವಿಶ್ರಾಂತಿ ಎನ್ನುವುದೂ ತಪ್ಪು. ಜೋರಾಗಿ ಪಿಸುಗುಟ್ಟುವಾಗ ಅನೇಕರು ಧ್ವನಿಪೆಟ್ಟಿಗೆಯನ್ನು ಹಿಂಡುತ್ತಾರೆ. ಮೆಲುದನಿ ವಾಸಿ, ಮೌನ ಇನ್ನೂ ವಾಸಿ.

ದಿನದ ಕೊನೆಗೆ ಒಂದು ವ್ಯಾಯಾಮ. ಲೋಟದಲ್ಲಿ ನೀರು ಹಾಕಿ, ಸ್ಟ್ರಾ ತುದಿಯನ್ನು ಎರಡು ಮೂರು ಸೆಂಟಿಮೀಟರ್ ಮಾತ್ರ ಮುಳುಗಿಸಿ, ತುಟಿಯಿಂದ ಗಾಳಿ ಸೋರದಂತೆ ಹಿಡಿದು ‘ಊ’ ಎಂದು ಧ್ವನಿ ಹೊರಡಿಸಿ. ಗುಳ್ಳೆ ಒಂದೇ ಸಮನೆ ಬರಬೇಕು. ಕೆಳಸ್ಥಾಯಿಯಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ನಿಧಾನವಾಗಿ ಜಾರಿಸಿ. ಎರಡು ಮೂರು ನಿಮಿಷ ಸಾಕು. ಬಾಯಿ ಕಿರಿದಾದಾಗ ಗಾಳಿಯ ಒತ್ತಡ ಹಿಂದಕ್ಕೂ ಬರುವುದರಿಂದ ತಂತುಗಳು ಕಡಿಮೆ ಹೊಡೆತದಲ್ಲಿ ಕಂಪಿಸುತ್ತವೆ. ಧ್ವನಿಯಿಲ್ಲದೆ ಬರೀ ಊದಿದರೆ ಪ್ರಯೋಜನವಿಲ್ಲ. ಸ್ಟ್ರಾ ತೀರಾ ಆಳಕ್ಕೆ ಹೋದರೆ ಕತ್ತಿನ ನರ ಉಬ್ಬುತ್ತದೆ, ಆಗ ಮೇಲೆತ್ತಿ. ಗೊಗ್ಗರು ಧ್ವನಿ ಮೂರು ವಾರಕ್ಕೂ ಹೋಗದಿದ್ದರೆ ಮನೆಮದ್ದು ಬಿಟ್ಟು ಕಿವಿ-ಮೂಗು-ಗಂಟಲು ವೈದ್ಯರನ್ನು ನೋಡಬೇಕು. ರಕ್ತ ಕಂಡರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಅಂದೇ.

ಗಂಟಲಿಗೂ ಪಾಠಕ್ಕೂ ಒಟ್ಟಿಗೇ ಒದಗುವ ಒಂದು ಉಪಾಯವಿದೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣ ಕೇಳಿ 1970ರ ದಶಕದಲ್ಲಿ ತೋರಿಸಿದ್ದು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರಕ್ಕೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರವೇ ಬಾರದ ಪ್ರಶ್ನೆಗಳು ಕಡಿಮೆಯಾದವು. ಮೂರು ಸೆಕೆಂಡು ಎಂದರೆ ಏನು ಮಹಾ ಎನಿಸಬಹುದು. ತರಗತಿಯ ಮುಂದೆ ನಿಂತಾಗ ಅದು ಯುಗ. ಬೂಟಿನೊಳಗೆ ಹೆಬ್ಬೆರಳನ್ನು ನಿಧಾನವಾಗಿ ಮೂರು ಸಲ ಒತ್ತಿ ಎಣಿಸಿಕೊಳ್ಳಿ. ಆ ಮೌನ ತಾಳಲಾರದೆ ಪ್ರಶ್ನೆಯನ್ನೇ ಬೇರೆ ಮಾತಲ್ಲಿ ಮತ್ತೆ ಕೇಳಿಬಿಡುವುದು ಸಾಮಾನ್ಯ ತಪ್ಪು. ಮಗು ಮೊದಲ ಪ್ರಶ್ನೆಯನ್ನು ಅರ್ಧಕ್ಕೆ ಬಿಟ್ಟು ಎರಡನೆಯದಕ್ಕೆ ಹೊರಳಬೇಕಾಗುತ್ತದೆ. ಹೆಸರು ಮೊದಲು ಕರೆಯುವುದು ಇನ್ನೊಂದು ತಪ್ಪು, ಉಳಿದವರೆಲ್ಲ ಆ ಕ್ಷಣವೇ ಯೋಚನೆ ನಿಲ್ಲಿಸುತ್ತಾರೆ. ಪ್ರಶ್ನೆ, ಮೌನ, ಆಮೇಲೆ ಹೆಸರು. ಉತ್ತರ ಬಂದ ಮೇಲೂ ತಕ್ಷಣ ‘ಗುಡ್’ ಎನ್ನದೆ ಇನ್ನು ಮೂರು ಸೆಕೆಂಡು ಕಾಯ್ದರೆ ಅದೇ ಮಗುವೋ ಪಕ್ಕದ್ದೋ ಮಾತು ಮುಂದುವರಿಸುವುದುಂಟು.

ಇನ್ನು ಕರೆಕ್ಷನ್. ಲೆಕ್ಕ ಸರಳ: 40 ಪುಸ್ತಕ, ತಲಾ 3 ನಿಮಿಷ, ಎರಡು ಗಂಟೆ. ಐದು ಸೆಕ್ಷನ್ ಇದ್ದರೆ ಹತ್ತು ಗಂಟೆ. ಇಷ್ಟು ಹೊತ್ತು ಮನೆಯ ಹೊತ್ತಿನಿಂದಲೇ ಹೋಗಬೇಕು. ಅಂಕವನ್ನೂ ಹಾಕಿ ಟಿಪ್ಪಣಿಯನ್ನೂ ಬರೆದರೆ ಅದರಲ್ಲಿ ಬಹುಪಾಲು ವ್ಯರ್ಥ. ಮನಃಶಾಸ್ತ್ರಜ್ಞೆ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಟಿಪ್ಪಣಿ ಪಡೆದ ಮಕ್ಕಳು ಸುಧಾರಿಸಿದರು. ಅಂಕದ ಜೊತೆ ಟಿಪ್ಪಣಿ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಪುಸ್ತಕ ವಾಪಸ್ ಕೊಟ್ಟಾಗ ಏನಾಗುತ್ತದೆಂದು ಗಮನಿಸಿದ್ದರೆ ಕಾರಣ ಹೊಳೆಯುತ್ತದೆ: ಕಣ್ಣು ಹತ್ತಕ್ಕೆಷ್ಟು ಎಂಬಲ್ಲಿಗೆ, ಆಮೇಲೆ ಪಕ್ಕದವನ ಪುಸ್ತಕಕ್ಕೆ.

ಬದಲಿ ಕ್ರಮ ಹೀಗೆ. ಪೆನ್ನು ಬದಿಗಿಟ್ಟು ಪುಸ್ತಕಗಳನ್ನು ಒಂದೊಂದಕ್ಕೆ ಒಂದು ನಿಮಿಷದಂತೆ ಓದಿ, ಮೂರು ಗುಂಪು ಮಾಡಿ: ಗೊತ್ತಾಗಿದೆ, ಅರ್ಧ ಗೊತ್ತಾಗಿದೆ, ದಾರಿ ತಪ್ಪಿದೆ. ಒಂದು ಹಾಳೆಯಲ್ಲಿ ಮೂರು ಸಾಮಾನ್ಯ ತಪ್ಪು ಬರೆದಿಡಿ. ಮುಂದಿನ ಪೀರಿಯಡ್ಡಿನ ಮೊದಲ ಹತ್ತು ನಿಮಿಷ ಆ ಮೂರನ್ನೇ ಬೋರ್ಡಿನ ಮೇಲೆ ಬಿಡಿಸಿ, ಮಕ್ಕಳೇ ತಮ್ಮ ಪುಸ್ತಕ ತಿದ್ದಿಕೊಳ್ಳಲಿ. ವಿವರವಾದ ಟಿಪ್ಪಣಿ ಒಂದು ಸಲಕ್ಕೆ ಎಂಟು ಪುಸ್ತಕಕ್ಕೆ ಮಾತ್ರ. ಐದು ಸುತ್ತಿನಲ್ಲಿ ನಲವತ್ತೂ ಮುಗಿಯುತ್ತವೆ. ಆ ಎಂಟರಲ್ಲಿ ಟಿಪ್ಪಣಿ ಮಗುವಿಗೆ ಏನಾದರೂ ಕೆಲಸ ಕೊಡುವಂತಿರಲಿ. ಮಗು 1/2 + 1/3 = 2/5 ಎಂದು ಬರೆದಿದೆ ಎನ್ನಿ. ‘ಗಮನವಿಟ್ಟು ಮಾಡು’ ಎಂದು ಬರೆದರೆ ಶಾಯಿ ದಂಡ. ‘2/5 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ? ಅರ್ಧಕ್ಕೆ ಇನ್ನೊಂದಿಷ್ಟು ಕೂಡಿಸಿದ ಮೇಲೆ ಹೀಗಾಗಬಹುದೆ?’ ಎಂದು ಕೇಳಿದರೆ ತನ್ನ ಉತ್ತರ ತಪ್ಪೆಂದು ಮಗುವೇ ಕಂಡುಕೊಳ್ಳುತ್ತದೆ. ಪ್ರತಿ ಪುಟದಲ್ಲೂ ಕೆಂಪು ಶಾಯಿ ಕಾಣಲೇಬೇಕೆನ್ನುವ ಶಾಲೆಗಳಿವೆ. ಅಲ್ಲಿ ಈ ಕ್ರಮವನ್ನು ಗುಟ್ಟಾಗಿ ಶುರು ಮಾಡಬೇಡಿ; ಯಾವ ಬರಹಕ್ಕೆ ಪೂರ್ತಿ ತಿದ್ದುಪಡಿ, ಯಾವುದಕ್ಕೆ ಇಲ್ಲ ಎಂದು ಒಂದು ಪುಟದಲ್ಲಿ ಬರೆದು ಮುಖ್ಯೋಪಾಧ್ಯಾಯರ ಒಪ್ಪಿಗೆ ಮೊದಲೇ ಪಡೆಯಿರಿ.

ಇಷ್ಟೆಲ್ಲ ಮಾಡಿದರೂ ಕೆಲವು ದಣಿವು ತರಗತಿಯೊಳಗೆ ಬಗೆಹರಿಯುವಂಥದ್ದಲ್ಲ. ಮನಃಶಾಸ್ತ್ರಜ್ಞೆ ಕ್ರಿಸ್ಟಿನಾ ಮಾಸ್ಲಾಕ್ ಕೆಲಸದ ಒತ್ತಡದಿಂದ ಬರುವ ಬಳಲಿಕೆಗೆ, ಅಂದರೆ ಬರ್ನ್‌ಔಟ್‌ಗೆ ಮೂರು ಮುಖ ಹೇಳುತ್ತಾರೆ: ಬತ್ತಿಹೋದ ಭಾವ, ಜನರನ್ನು ಜನರಂತೆ ಕಾಣದ ಒಣತನ, ತನ್ನ ಕೈಲಿ ಏನೂ ಆಗುತ್ತಿಲ್ಲವೆಂಬ ಅನಿಸಿಕೆ. ಎರಡನೆಯದನ್ನು ಶಿಕ್ಷಕರು ಬೇಗ ಪತ್ತೆ ಹಚ್ಚಬಹುದು. ಸ್ಟಾಫ್ ರೂಮಿನ ಮಾತಿನಲ್ಲಿ ಮಕ್ಕಳ ಹೆಸರು ಮಾಯವಾಗಿ ‘ಆ ಸೆಕ್ಷನ್ನು’, ‘ಲಾಸ್ಟ್ ಬೆಂಚು’ ಮಾತ್ರ ಉಳಿದಿದ್ದರೆ ಎಚ್ಚರ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಎನ್ನದೆ ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ವಿವರಿಸಿತು. ಎಂದರೆ ಇದರಲ್ಲಿ ಕೆಲಸದ ಪಾಲೂ ಇದೆ. ಪ್ರಾಣಾಯಾಮದಿಂದ ಎಂಟು ಪೀರಿಯಡ್ ಆರಾಗುವುದಿಲ್ಲ. ಒಂದು ವಾರ ಪೂರ್ತಿ ಲೆಕ್ಕ ಬರೆಯಿರಿ: ಪಾಠದ ಪೀರಿಯಡ್, ಗೈರಾದವರ ಬದಲಿ ಪೀರಿಯಡ್, ಕರೆಕ್ಷನ್, ಡೇಟಾ ಎಂಟ್ರಿ, ಪೋಷಕರ ಫೋನು. ಆ ಹಾಳೆ ಹಿಡಿದು ‘ತುಂಬಾ ಕೆಲಸ ಸರ್’ ಎನ್ನದೆ ‘ಬದಲಿ ಪೀರಿಯಡ್ ವಾರಕ್ಕೆ ಎರಡಕ್ಕೆ ನಿಲ್ಲಿಸಿ ಸರ್’ ಎಂದು ಕೇಳಿ. ಎಲ್ಲ ಸಲ ಸಿಗುವುದಿಲ್ಲ, ಆದರೆ ನಿರ್ದಿಷ್ಟವಾಗಿ ಕೇಳಿದ್ದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರವಾದರೂ ಬರುತ್ತದೆ. ಎರಡು ವಾರ ಸತತವಾಗಿ ಮನಸ್ಸು ಕುಗ್ಗಿದ್ದು, ನಿದ್ದೆ ಹಸಿವು ಕೆಟ್ಟು, ಇಷ್ಟದ ಕೆಲಸವೂ ರುಚಿಸದಿದ್ದರೆ ಅದು ಬೇರೆ ವಿಷಯ. ವೈದ್ಯರ ಹತ್ತಿರ ಹೋಗಬೇಕು.

ಸಂಜೆಗೆ ಎರಡೇ ಮಾತು. ಹೊರಡುವ ಮೊದಲು ನಾಳೆಯ ಮೊದಲ ಪೀರಿಯಡ್ಡಿನ ಮೊದಲ ವಾಕ್ಯವನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ; ರಾತ್ರಿ ತಲೆಯಲ್ಲಿ ಸುತ್ತುವುದು ಕಡಿಮೆಯಾಗುತ್ತದೆ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಸಂಜೆ ಐದಕ್ಕೆ ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ.

ಹೊಸಬರು ಮೊದಲ ವರ್ಷ ಎಲ್ಲವನ್ನೂ ತಾವೇ ಹೊಸದಾಗಿ ತಯಾರಿಸಲು ಹೋಗಿ ಸೋಲುತ್ತಾರೆ. ಹಿರಿಯ ಸಹೋದ್ಯೋಗಿಯ ವರ್ಕ್‌ಶೀಟ್ ಕೇಳಿ ಪಡೆದು ಎರಡು ಪ್ರಶ್ನೆ ಬದಲಿಸಿ ಬಳಸಿ, ನಾಚಿಕೆ ಬೇಡ. ಕಲಿಯಲು ಒಂದು ಅವಧಿಗೆ ಒಂದೇ ಕೌಶಲ ಸಾಕು. 1963ರಲ್ಲಿ ಅಮೆರಿಕದ ವಿಶ್ವವಿದ್ಯಾಲಯ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಶಿಕ್ಷಕ ತರಬೇತಿ ಕ್ರಮವಾದ ಮೈಕ್ರೋಟೀಚಿಂಗ್‌ನ ತಿರುಳು ಇದೇ: ಕಿರು ಪಾಠ, ಒಂದೇ ಕೌಶಲ, ಕೂಡಲೇ ಪ್ರತಿಕ್ರಿಯೆ, ಮತ್ತೆ ಪಾಠ. ಶಾಲೆಯ ಅನುಮತಿ ಪಡೆದು, ಮಕ್ಕಳಿಗೂ ತಿಳಿಸಿ, ಹತ್ತು ನಿಮಿಷದ ಆಡಿಯೋ ಮಾತ್ರ ರೆಕಾರ್ಡ್ ಮಾಡಿ. ಕೇಳುವಾಗ ಪ್ರಶ್ನೆ ಎಷ್ಟು, ಪ್ರತಿಯೊಂದರ ನಂತರ ಎಷ್ಟು ಹೊತ್ತು ಕಾಯ್ದಿರಿ ಎಂಬುದನ್ನಷ್ಟೇ ಎಣಿಸಿ, ಅಳಿಸಿಬಿಡಿ. ಸ್ವಂತ ಧ್ವನಿ ಕರ್ಕಶ ಎನಿಸುವುದು ಎಲ್ಲರಿಗೂ ಇದ್ದದ್ದೇ, ಅದನ್ನು ಎಣಿಕೆಗೆ ಸೇರಿಸಬೇಡಿ.

ಸಹೋದ್ಯೋಗಿಯನ್ನು ತರಗತಿಗೆ ಕರೆದರೆ ‘ಹೇಗಿತ್ತು?’ ಎಂದು ಕೇಳಬೇಡಿ. ‘ಚೆನ್ನಾಗಿತ್ತು’ ಎಂಬ ಉತ್ತರ ಖಾತ್ರಿ. ಆಸನಗಳ ನಕ್ಷೆ ಬರೆದು ಕೈಗೆ ಕೊಡಿ. ಯಾವ ಮಗು ಬಾಯಿ ಬಿಟ್ಟಿತೋ ಆ ಚೌಕದಲ್ಲಿ ಒಂದು ಗೆರೆ, ನೀವು ಯಾವ ಬೆಂಚಿನ ಬಳಿ ಹೋದಿರೋ ಅಲ್ಲಿ ಒಂದು ಚುಕ್ಕೆ. ಗೆರೆಗಳೆಲ್ಲ ಮುಂದಿನ ಬೆಂಚುಗಳಲ್ಲೋ ನಡುವಿನ ಸಾಲಿನಲ್ಲೋ ಗುಂಪಾಗಿದ್ದರೆ ಮುಂದಿನ ವಾರ ಪ್ರಶ್ನೆ ಕೇಳುವಾಗ ಕಿಟಕಿ ಪಕ್ಕದ ಕೊನೆಯ ಬೆಂಚಿನ ಬಳಿ ನಿಂತು ಶುರು ಮಾಡಿ, ಅದೇ ನಕ್ಷೆಯ ಖಾಲಿ ಪ್ರತಿಯನ್ನು ಮತ್ತೆ ಅವರಿಗೇ ಕೊಡಿ.